ಮರಳ ದೇಶಕ್ಕೆ ತಮ್ಮ ಹೋದದ್ದು

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಕಂಪ್ಯೂಟರ್ ಕೆಲಸ ಎಂದು ಹೇಳಿ ಮುಗಿಸುತ್ತೇನೆ. ಬಿಡಿಸಿ ಹೇಳಲು ಹೋದರೆ ಕೇಳಿದವರಿಗೆ ಅದು ಕೆಲಸ ಅನ್ನಿಸುವುದೇ ಇಲ್ಲ. ಹಾಸನದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು, ನಾನು ಕಾಲಿಡದ ದೇಶಗಳಿಗೆ ಹೋಗುವವರಿಗೆ ಅಲ್ಲಿ ಏನೇನು ಅಪಾಯವಿದೆ ಎಂದು ಬರೆದುಕೊಡುವುದು ನನ್ನ ಕೆಲಸ. ಬರೆಸಿಕೊಳ್ಳುವ ಕಂಪನಿ ಇನ್ನೆಲ್ಲೋ ಇದೆ. ಓದುವವರು ಇನ್ನೂ ದೂರದಲ್ಲಿದ್ದಾರೆ: ದೊಡ್ಡ ಕಂಪನಿಗಳ ಅಧಿಕಾರಿಗಳು, ಎಂಜಿನಿಯರುಗಳು, ಮೀಟಿಂಗಿಗೆಂದು ವಿಮಾನದಲ್ಲಿ ಬಂದು ಹೋಗುವವರು.

ಅದಕ್ಕೂ ಮುಂಚೆ ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಭೂಗೋಳದ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ಅತಿಥಿಯೇ. ಪ್ರತಿ ವರ್ಷ ಕಾಲೇಜು ತೆಗೆಯುವ ಹೊತ್ತಿಗೆ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಒಂದು ವರ್ಷ ಕರೆಯಲಿಲ್ಲ. ಜೊತೆಯಲ್ಲಿ ಓದಿದ ಗೆಳತಿಯೊಬ್ಬಳು ಈ ಕೆಲಸ ಇದೆ ಎಂದು ತಿಳಿಸಿದಳು. ನಕ್ಷೆ ಓದಲು ಬರುತ್ತಿತ್ತು, ಇಂಗ್ಲಿಷ್ ಬರೆಯಲು ಬರುತ್ತಿತ್ತು, ಮನೆಯಲ್ಲಿ ಕಾಯುವ ಗಂಡ ಮಕ್ಕಳು ಇರಲಿಲ್ಲ. ಸೇರಿಕೊಂಡೆ.

ನನಗೆ ಕೊಟ್ಟ ದೇಶಗಳಲ್ಲಿ ಒಂದು ದೇಶ ಮುಕ್ಕಾಲು ಪಾಲು ಬರೀ ಮರಳು. ಒಂದು ಅಂಚಿಗೆ ಸಮುದ್ರ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಕಂಪನಿಯ ಜೊತೆ ಆಗಿರುವ ಒಪ್ಪಂದ ಅಡ್ಡ ಬರುತ್ತದೆ, ಹೇಳಿದರೂ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಅಲ್ಲಿ ಆಗ ಎಲ್ಲವೂ ಹೊಸದಾಗಿ ಏಳುತ್ತಿತ್ತು. ಬಂದರು, ಹೆದ್ದಾರಿ, ಹಿಡಿದ ಮೀನನ್ನು ಹೊರದೇಶಕ್ಕೆ ಕಳಿಸುವ ಮೊದಲು ಇಡುವ ದೊಡ್ಡ ದೊಡ್ಡ ಶೈತ್ಯಾಗಾರಗಳು. ನಾನು ಸ್ಥಳೀಯ ಪತ್ರಿಕೆಗಳನ್ನು ಅನುವಾದದ ಯಂತ್ರದಲ್ಲಿ ಹಾಕಿ ಓದುತ್ತಿದ್ದೆ, ರಾಯಭಾರ ಕಚೇರಿಗಳ ಸೂಚನೆ ನೋಡುತ್ತಿದ್ದೆ, ಉಪಗ್ರಹದ ಚಿತ್ರದಲ್ಲಿ ರಸ್ತೆಗಳನ್ನು ಹುಡುಕುತ್ತಿದ್ದೆ. ಆಮೇಲೆ ಕಳ್ಳತನ, ಅಪಹರಣ, ಗಲಭೆ, ರಸ್ತೆ, ನೀರು, ರೋಗ, ಆಸ್ಪತ್ರೆ ಎಂದು ಒಂದೊಂದಕ್ಕೂ ಒಂದು ದರ್ಜೆ ಹಾಕಬೇಕು. ಕಡಿಮೆ, ಮಧ್ಯಮ, ಹೆಚ್ಚು, ಅತಿ ಹೆಚ್ಚು. ಕೊನೆಯಲ್ಲಿ ಹೋಗಬಹುದೇ ಬೇಡವೇ ಎಂದು ಎರಡು ಸಾಲು.

ನನಗೆ ಒಬ್ಬನೇ ತಮ್ಮ. ಹೊಳೆನರಸೀಪುರದಲ್ಲಿ ಹೆಂಡತಿ, ಮಗಳು, ನಮ್ಮವ್ವನ ಜೊತೆ ಇದ್ದ. ಹಳ್ಳಿಯ ಡೈರಿಗಳಲ್ಲಿ ಹಾಲು ತಣ್ಣಗಿಡುವ ಕೂಲರ್‌ಗಳಿರುತ್ತವಲ್ಲ, ಅವುಗಳನ್ನು ರಿಪೇರಿ ಮಾಡುತ್ತಿದ್ದ. ಇತ್ತ ದುದ್ದ, ಅತ್ತ ಹಳ್ಳಿಮೈಸೂರು, ಎಲ್ಲೇ ಕೂಲರ್ ನಿಂತರೂ ಅವನಿಗೆ ಫೋನ್ ಬರುತ್ತಿತ್ತು. ಬೈಕಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಹೊರಡುತ್ತಿದ್ದ. ಸಂಜೆ ಹಾಲು ಬರುವುದರೊಳಗೆ ಯಂತ್ರ ಓಡಬೇಕು, ಇಲ್ಲದಿದ್ದರೆ ಒಂದೂರಿನ ಹಾಲು ಪೂರ್ತಿ ಹಾಳು. ಅವನು ಹೋದ ಮೇಲೆ ಹಾಲು ಕೆಟ್ಟದ್ದು ನಾನು ಕೇಳಿಲ್ಲ. ಆದರೂ ಅವನ ಕೆಲಸ ಕಂತ್ರಾಟಿನದ್ದು, ಖಾಯಂ ಆಗಲೇ ಇಲ್ಲ.

ಒಂದು ಭಾನುವಾರ ಹಾಸನಕ್ಕೆ ನನ್ನ ಮನೆಗೆ ಬಂದ. ತಿಂಡಿ ಆದಮೇಲೆ ಫೋನಿನಲ್ಲಿ ಒಂದು ಮೆಸೇಜು ತೋರಿಸಿದ. ಚನ್ನರಾಯಪಟ್ಟಣದ ಒಬ್ಬರು ಹೊರದೇಶಕ್ಕೆ ಮೆಕ್ಯಾನಿಕ್‌ಗಳನ್ನು ಕಳಿಸುತ್ತಿದ್ದರು. ಶೈತ್ಯಾಗಾರದ ಕೆಲಸ ಗೊತ್ತಿರುವವರು ಬೇಕು ಎಂದಿತ್ತು. ಕೆಳಗೆ ದೇಶದ ಹೆಸರಿತ್ತು.

"ನೀನು ಬರೀತೀಯಲ್ಲಕ್ಕ, ಅದೇ ದೇಶ ಅಲ್ವಾ?" ಎಂದ. "ಓಗ್ಬೋದಾ ಯೋಳು."

ನಾನು ಲ್ಯಾಪ್‌ಟಾಪ್ ತೆಗೆದು, ನಾನೇ ಬರೆದದ್ದನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಗಡಿ ಕಡೆ ಅಪಹರಣದ ಭಯ ಅತಿ ಹೆಚ್ಚು, ಬಂದರಿನ ಪಟ್ಟಣದಲ್ಲಿ ಮಧ್ಯಮ. ಕತ್ತಲಾದ ಮೇಲೆ ರಸ್ತೆ ಪ್ರಯಾಣ ಬೇಡ. ಸರ್ಕಾರ ಯಾವಾಗ ಬೀಳುತ್ತದೆಂದು ಹೇಳಲಾಗದು. ಕಾಯಿಲೆ ಗಂಭೀರವಾದರೆ ಅಲ್ಲಿ ಚಿಕಿತ್ಸೆ ಇಲ್ಲ, ರೋಗಿಯನ್ನು ವಿಮಾನದಲ್ಲಿ ಬೇರೆ ದೇಶಕ್ಕೆ ಸಾಗಿಸಬೇಕು.

"ಅಂದ್ರೆ ಕತ್ಲಾದ್ಮೇಲೆ ಗಾಡಿ ಅತ್ಬಾರ್ದು. ಅಷ್ಟೇ ತಾನೆ?"

"ಆಸ್ಪತ್ರೆ ಇಲ್ಲ ಅಂತ ಓದಿದ್ನಲ್ಲೋ. ಅಲ್ಲಿಗೆ ಹೋಗೋ ಆಫೀಸರ್‌ಗಳಿಗೆ ವಿಮಾನ ಕಳಿಸ್ತಾರೆ. ನಿಂಗ್ಯಾರು ಕಳಿಸ್ತಾರೆ?"

"ನಂಗ್ಯಾಕೆ ಕಾಯ್ಲೆ ಬತ್ತದೆ?"

ನಿಜಕ್ಕೂ ಅವನಿಗೆ ಜ್ವರ ಬಂದದ್ದೂ ನನಗೆ ನೆನಪಿರಲಿಲ್ಲ. ಇಬ್ಬರು ಎತ್ತುವ ಕಂಪ್ರೆಸರನ್ನು ಒಬ್ಬನೇ ಎತ್ತಿ ಇಡುತ್ತಿದ್ದವನು.

ಇಲ್ಲಿ ನಿನಗೇನು ಕಡಿಮೆಯಾಗಿದೆ ಎಂದು ಕೇಳಿದೆ. ಅವನು ಹಿಂದಿನ ವಾರದ ಒಂದು ಮಾತು ಹೇಳಿದ. ಯಾವುದೋ ಊರಿನಲ್ಲಿ ಕೂಲರ್ ಸರಿ ಮಾಡಿ ಎದ್ದಿದ್ದಾನೆ. ಡೈರಿಯ ಅಧ್ಯಕ್ಷರು ಖುಷಿಯಾಗಿ ಕಾಫಿಗೆ ಮನೆಗೆ ಕರೆದಿದ್ದಾರೆ.

"ಬಾಗ್ಲತ್ರ ಅವ್ರವ್ವ ಕೂತಿದ್ರು. ಯಾವೂರಪ್ಪ ಅಂದ್ರು. ಯೋಳ್ದೆ. ಊರಲ್ಲಿ ಯಾವ ಕಡೆ ಮನೆ ಅಂದ್ರು. ಅದ್ನೂ ಯೋಳ್ದೆ. ಕಾಫಿ ಜಗ್ಲಿಗೇ ಬಂತು." ಕೋಪವೇನೂ ಇರಲಿಲ್ಲ ಅವನ ದನಿಯಲ್ಲಿ. "ಅಲ್ಲಿ ಆ ಪ್ರಶ್ನೆ ಕೇಳಾಕೆ ಅವ್ರಿಗೆ ಬಾಸೆನೇ ಬರಲ್ಲ ಕಣಕ್ಕ. ಮೆಕ್ಯಾನಿಕ್ಕು ಅಂದ್ರೆ ಮೆಕ್ಯಾನಿಕ್ಕು."

ಆಗಲೇ ತೀರಿಕೊಂಡಿದ್ದ ನಮ್ಮಪ್ಪ ನಡುವಯಸ್ಸಿನಲ್ಲಿ ಬೌದ್ಧರಾದವರು. ತಾಲ್ಲೂಕು ಕಚೇರಿಯಲ್ಲಿ ಅಟೆಂಡರಾಗಿದ್ದರು. ಮನೆಯಲ್ಲಿದ್ದ ದೇವರ ಪಟಗಳನ್ನೆಲ್ಲ ತೆಗೆದು ಬುದ್ಧನ ಫೋಟೋ ಒಂದನ್ನು ತೂಗುಹಾಕಿ, ಇನ್ನು ಮೇಲೆ ನಾವು ಯಾರಿಗೂ ಕಡಿಮೆಯಲ್ಲ ಎಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ನಾವು ಅದನ್ನು ನಂಬಿ ಬೆಳೆದೆವು. ಯಾವ ಕಡೆ ಮನೆ ಎಂಬ ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ನಾನು ಕಲಿತ ಒಂದೇ ವಿದ್ಯೆಯನ್ನು ಹಿಡಿದುಕೊಂಡೆ. "ಸರಿ, ಮೊದ್ಲು ವಿಚಾರ್ಸೋಣ," ಎಂದೆ.

ಇಬ್ಬರೂ ಚನ್ನರಾಯಪಟ್ಟಣಕ್ಕೆ ಹೋದೆವು. ಜನ ಕಳಿಸುವವರ ಆಫೀಸು ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮೊಬೈಲ್ ಅಂಗಡಿಯ ಮೇಲಿತ್ತು. ಐವತ್ತರ ಆಸುಪಾಸಿನ ಮನುಷ್ಯ. ಅಲ್ಲಿಯ ಹಳೆಯ ಜಮೀನುದಾರರ ಮನೆಯವರು, ತಾವೂ ಹೊರದೇಶದಲ್ಲಿ ದುಡಿದು ಬಂದವರು. ನಮ್ಮನ್ನು ಕೂರಿಸಿ, ತಮ್ಮ ತೋಟದ್ದೇ ಎಂದು ಎಳನೀರು ಕೆತ್ತಿಸಿ ಕೊಟ್ಟರು. ನಾನು ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ಮಾಡಿದ ಹಾಗೆ ಒಂದೊಂದೇ ಕೇಳುತ್ತಾ ಹೋದೆ.

"ಇರೋ ಜಾಗ?"

"ಕಂಪನಿ ಕ್ಯಾಂಪಲ್ಲೇ ಮೇಡಂ. ಕಾಂಪೌಂಡದೆ, ವಾಚ್‌ಮನ್ ಅವ್ನೆ."

"ಡಾಕ್ಟರು?"

"ಕ್ಯಾಂಪಲ್ಲೇ ಒಂದು ಕ್ಲಿನಿಕ್ ಅದೆ."

"ವಿಮೆ?"

"ಅದೂ ಕಂಪನಿದೇ."

"ಪಾಸ್‌ಪೋರ್ಟು ಯಾರ ಹತ್ರ ಇರುತ್ತೆ?"

"ಸೇಫಾಗಿ ಆಫೀಸಲ್ಲಿರ್ತದೆ ಮೇಡಂ. ಹುಡುಗ್ರು ಕಳ್ಕೊಂಡ್ಬುಡ್ತಾರೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಇಂದಿಗೂ ನನಗೆ ಹಾಗೇ ಅನ್ನಿಸುತ್ತದೆ. ಬೇಕಾದರೆ ಅಲ್ಲಿದ್ದು ಬಂದವರನ್ನೇ ಕೇಳಿ ಎಂದು ಕೊಣನೂರಿನ ಒಬ್ಬರ ನಂಬರು ಕೊಟ್ಟರು.

ಮುಂದಿನ ವಾರ ಅರಕಲಗೂಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕೊಣನೂರು ಸೇರಿದೆವು. ಅಂದು ಸಂತೆ. ಬಸ್ಸು ಊರೊಳಗೆ ನುಗ್ಗಲಾಗದೆ ಹೊರಗೇ ಇಳಿಸಿತು. ಆ ಮನುಷ್ಯ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದ್ದರು. ಆ ದೇಶದಲ್ಲಿ ಕ್ರೇನ್ ಓಡಿಸುತ್ತಿದ್ದರಂತೆ. ಫೋನಿನಲ್ಲಿ ಫೋಟೋಗಳನ್ನು ಒಂದಾದ ಮೇಲೊಂದು ಸರಿಸಿ ತೋರಿಸಿದರು. ಒಂಟೆ, ಹಡಗು, ಕ್ಯಾಂಪಿನಲ್ಲಿ ಎಲ್ಲರೂ ಸೇರಿ ಮಾಡಿದ ಹಬ್ಬದೂಟ.

"ಕಳ್ರು ಕಾಕ್ರು ಅಂತ ಏನಾದ್ರೂ?" ಎಂದು ಕೇಳಿದೆ.

"ಅಯ್ಯೋ ಅಂತಾವೆಲ್ಲ ಏನಿಲ್ಲ ಕಣಮ್ಮ. ಜನ ಒಳ್ಳೇರು. ನಮಗಿಂತ ಬಡವ್ರು, ಪಾಪ."

"ಬಿಸಿಲು?"

"ಬಿಸ್ಲು ಅದೆ. ಬಿಸ್ಲು ಎಲ್ಲಿಲ್ಲ ಯೋಳಿ."

ತಮ್ಮ ನನ್ನ ಮುಖ ನೋಡಿದ. ನಾನು ಇನ್ನೇನು ಕೇಳಲಿ ಎಂದು ಯೋಚಿಸುತ್ತಾ ಕುಳಿತೆ. ಏನು ಕೇಳಬೇಕೆಂದು ನನಗೆ ತಿಳಿದಿರಲಿಲ್ಲ, ಏನು ಹೇಳಬೇಕೆಂದು ಅವರಿಗೂ ತಿಳಿದಿರಲಿಲ್ಲ. ಬರುವಾಗ ಸಂತೆಯಲ್ಲಿ ಅವ್ವನಿಗೆ ಎಲೆ ಅಡಿಕೆ ಕೊಂಡೆವು. ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕುಳಿತು ನಿದ್ದೆ ಹೋದ. ಅವನ ತೀರ್ಮಾನ ಆಗಿಹೋಗಿತ್ತು.

ನಾನು ಬೇಡ ಎಂದೇ ಹೇಳಿದೆ. ಅವ್ವನೂ ಬೇಡ ಎಂದಳು. ಅವನ ಹೆಂಡತಿ ಮಾತ್ರ ಏನೂ ಅನ್ನಲಿಲ್ಲ. ಆಮೇಲೆ ಒಬ್ಬಳೇ ಸಿಕ್ಕಾಗ, "ಬೇಡ ಅಂದ್ರೆ ನಿಂತ್ಕತಾರೆ ಅತ್ಗೆ, ಆದ್ರೆ ಆಮೇಲೆ ಮನೇಲಿ ನಗಾದಿಲ್ಲ," ಎಂದಳು. ಅವನು ಹೊರಟ ದಿನ ಹೊಸ ಶೂ ಹಾಕಿಕೊಂಡಿದ್ದ. ಅವು ಕಚ್ಚುತ್ತಿದ್ದವೇನೋ, ಕಾರು ಹತ್ತುವಾಗ ಕುಂಟುತ್ತಿದ್ದ.

ಮೊದಲ ಒಂದು ವರ್ಷ ಚೆನ್ನಾಗಿಯೇ ಹೋಯಿತು. ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದ. ನಾನು ಅಕ್ಷರದಲ್ಲಿ ಮಾತ್ರ ಬಲ್ಲ ಬೀದಿಗಳಲ್ಲಿ ಅವನು ನಡೆದಾಡುತ್ತಿದ್ದ. ಮಸೀದಿಯ ಹಿಂದಿನ ಮಾರುಕಟ್ಟೆಯಲ್ಲಿ ಜೇಬುಗಳ್ಳರ ಕಾಟವಿದೆ ಎಂದು ನಾನು ಬರೆದಿದ್ದೆ. ಅವನು ಅಲ್ಲೇ ನಿಂತು ಖರ್ಜೂರ ಕೊಳ್ಳುತ್ತಾ, "ನೋಡಕ್ಕ, ನಿನ್ನ ಕಳ್ರ ಮಾರ್ಕೆಟ್ಟು," ಎಂದು ಫೋನ್ ತಿರುಗಿಸಿ ತೋರಿಸಿದ. ಮಾರುವವನು ನಗುತ್ತಾ ನನಗೆ ಕೈ ಎತ್ತಿದ. ಅಲ್ಲಿ ಅವನಿಗೆ ಯಾವ ಕಡೆ ಮನೆ ಎಂದು ಯಾರೂ ಕೇಳಲಿಲ್ಲ. ಕ್ಯಾಂಪಿನಲ್ಲಿ ಮಾತ್ರ ಪಾಸ್‌ಪೋರ್ಟ್ ನೋಡಿ ಊಟದ ಕೋಣೆ ಬೇರೆ ಬೇರೆ ಮಾಡಿದ್ದರು. ನಮ್ಮ ಕಡೆಯವರದ್ದು ಫ್ಯಾನಿನ ಕೋಣೆ, ಶ್ರೀಮಂತ ದೇಶದವರದ್ದು ಎಸಿಯದ್ದು. ಅದನ್ನು ಅವನು ಬೇಸರವಿಲ್ಲದೆ, ಹಾಗೇ ಸುಮ್ಮನೆ ಹೇಳಿದ.

ಅವನ ಕೆಲಸ ಹೇಗಿರುತ್ತದೆಂದು ನಾನು ಕಲ್ಪಿಸಿಕೊಂಡದ್ದು ತಪ್ಪಾಗಿತ್ತು. ಶೈತ್ಯಾಗಾರ ಎಂದರೆ ತಂಪಿನಲ್ಲಿ ಇರುತ್ತಾನೆ ಎಂದುಕೊಂಡಿದ್ದೆ. "ತಣ್ಣಗಿರೋದು ಮೀನು ಕಣಕ್ಕ," ಎಂದ. "ಮಿಸಿನ್‌ಗಳೆಲ್ಲ ಒರ್ಗೆ, ತಗಡಿನ ಸೆಡ್ಡಲ್ಲಿ. ಒಳಗಿನ ಬಿಸೀನೆಲ್ಲ ಅವು ನಮ್ಮ ಮಕಕ್ಕೆ ಊದ್ತವೆ." ಕುಡಿಯುವ ನೀರು ಡ್ರಮ್ಮಿನಲ್ಲಿ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕಾದು, ಬಾಯಿಗಿಡಲು ಆಗುತ್ತಿರಲಿಲ್ಲವಂತೆ. ಮೈಕೈ ನೋವಿಗೆ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಡುತ್ತಿದ್ದರು. ಎಲ್ಲರೂ ದಿನಾ ತೆಗೆದುಕೊಳ್ಳುತ್ತಾರೆ, ತೆಗೆದುಕೊಂಡರೆ ಮಾರನೇ ದಿನ ಏಳಲು ಆಗುತ್ತದೆ ಎಂದ. ನೀರು ಚೆನ್ನಾಗಿ ಕುಡಿ ಎಂದು ನಾನು ಹೇಳಿದೆ. ಎಲ್ಲರೂ ಹೇಳುವ ಮಾತು ಅದು.

ಎರಡನೇ ವರ್ಷ ಆ ದೇಶದ ರಾಜಧಾನಿಯಲ್ಲಿ ಗುಂಡು ಹಾರಿತು. ಸೈನಿಕರು ರೇಡಿಯೋ ಕಚೇರಿಗೆ ನುಗ್ಗಿದರು. ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ನನ್ನ ಮೇಲಿನವರಿಂದ ಫೋನ್ ಬಂತು. ಕೈ ತೊಳೆದು ಕುಳಿತೆ. ಸುದ್ದಿಗಳನ್ನೆಲ್ಲ ತಾಳೆ ಹಾಕಿ, ದರ್ಜೆಯನ್ನು ಅತಿ ಹೆಚ್ಚಿಗೆ ಏರಿಸಿ, ತುರ್ತು ಕೆಲಸವಿಲ್ಲದವರು ವಿಮಾನಗಳು ಹಾರುತ್ತಿರುವಾಗಲೇ ದೇಶ ಬಿಡಬೇಕು ಎಂಬ ಸಾಲು ಬರೆದೆ. ಅದು ಒಪ್ಪಿಗೆಯಾಗಿ ಹೊರಗೆ ಹೋದ ಮೇಲೆ ತಮ್ಮನಿಗೆ ಫೋನ್ ಮಾಡಿದೆ.

"ಇಲ್ಲೇನೂ ಇಲ್ಲಕ್ಕ," ಎಂದ. "ಅಂಗ್ಡಿ ಎಲ್ಲಾ ತೆಗ್ದವೆ. ಈಗ್ತಾನೆ ಬ್ರೆಡ್ಡು ತಂದೆ."

"ಬಂದ್ಬಿಡೋ. ಮುಂದೆ ಏನಾಗುತ್ತೋ ಗೊತ್ತಿಲ್ಲ."

"ಎಂಗ್ ಬರ್ಲಿ? ಪಾಸ್‌ಪೋರ್ಟು ಆಫೀಸಲ್ಲದೆ. ಆಫೀಸ್ಗೆ ಬೀಗ ಆಕವ್ರೆ."

"ಆಫೀಸಿನವರೆಲ್ಲಿ?"

"ಅವರೆಲ್ಲ ಬೆಳಿಗ್ಗೆನೇ ಏರ್‌ಪೋರ್ಟ್ಗೆ ಓದ್ರು. ಓಗಿ ಅಂತ ಅವ್ರಿಗೆಲ್ಲೋ ಮೆಸೇಜ್ ಬಂತಂತೆ."

ಆ ಮೆಸೇಜು ನಾನು ಬರೆದದ್ದೋ, ನನ್ನಂಥ ಬೇರೆ ಯಾರೋ ಬರೆದದ್ದೋ, ತಿಳಿಯುವ ದಾರಿ ಇಲ್ಲ. ಕೆಲವು ವಾರ ಕಳೆದ ಮೇಲೆ ಹೊಸ ಸರ್ಕಾರ ನಿಂತಿತು, ಆಫೀಸಿನವರು ಮರಳಿ ಬಂದರು, ಬೀಗ ತೆಗೆದರು. ಅಷ್ಟು ದಿನವೂ ತಮ್ಮ ಮತ್ತು ಅವನ ಜೊತೆಯವರು ಯಂತ್ರಗಳನ್ನು ನಿಲ್ಲಿಸದೆ ಓಡಿಸಿದ್ದರು. ಮೀನು ಕೆಡಲಿಲ್ಲ. ನನಗೂ ಧೈರ್ಯ ಬಂತು. ದೊಡ್ಡದೊಂದು ಗಂಡಾಂತರ ಬಂದು, ಅವನನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋಯಿತು ಎಂದುಕೊಂಡೆ.

ಒಪ್ಪಂದ ಮುಗಿದು ಊರಿಗೆ ಬಂದಾಗ ಅವನ ಮುಖ ತುಂಬಿಕೊಂಡಿತ್ತು. ಅವ್ವನಿಗೆ ಖುಷಿಯೋ ಖುಷಿ. "ಮೈ ಕೈ ತುಂಬ್ಕಂಡವ್ನೆ ನನ್ನ ಮಗ," ಎಂದು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ನಾಟಿ ಕೋಳಿ ಮಾಡಿಸಿದಳು. ಅವನು ಎರಡು ತುತ್ತು ತಿಂದು ವಾಸನೆ ತಡೆಯಲಾಗುತ್ತಿಲ್ಲ ಎಂದು ಎದ್ದ. ಮಾರನೇ ದಿನವೂ ಹಾಗೆಯೇ. ಅವನ ಹೆಂಡತಿಯೇ ಮೊದಲು ಗಮನಿಸಿದ್ದು. ಕಾಲುಚೀಲ ಬಿಚ್ಚಿದ ಮೇಲೆ ಅದರ ಗುರುತು ಸಂಜೆಯಾದರೂ ಹೋಗುತ್ತಿರಲಿಲ್ಲ. ಬೆರಳಿನಿಂದ ಮೊಣಕಾಲ ಕೆಳಗೆ ಒತ್ತಿ ನೋಡಿದಳು. ಒತ್ತಿದ ಕಡೆ ಗುಳಿ ಹಾಗೇ ನಿಂತಿತು. ನನಗೆ ಫೋನ್ ಮಾಡಿ, "ಅತ್ಗೆ, ಇದು ದಪ್ಪ ಆಗಿರಾದಲ್ಲ. ಊದಿರಾದು," ಎಂದಳು.

ಹಾಸನಕ್ಕೆ ಕರೆಸಿಕೊಂಡು ಡಾಕ್ಟರಿಗೆ ತೋರಿಸಿದೆ. ರಕ್ತಪರೀಕ್ಷೆ, ಸ್ಕ್ಯಾನಿಂಗು ಎಲ್ಲ ಆಯಿತು. ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಎರಡೂ ಕಿಡ್ನಿ ಚಿಕ್ಕದಾಗಿಬಿಟ್ಟಿವೆ, ಈಗ ಔಷಧಿಯಿಂದ ಸರಿಯಾಗುವ ಹಂತ ದಾಟಿದೆ ಎಂದರು. ಸಕ್ಕರೆ ಕಾಯಿಲೆ ಇತ್ತೇ, ಬಿಪಿ ಇತ್ತೇ ಎಂದು ಕೇಳಿದರು. ಯಾವುದೂ ಇರಲಿಲ್ಲ. ಕೆಲಸ ಏನು ಎಂದರು. ತಮ್ಮ ಹೇಳಿದ. ತಗಡಿನ ಶೆಡ್ಡು, ಬಿಸಿಲು, ಮಾತ್ರೆ, ಎಲ್ಲವನ್ನೂ ಅವರು ತಾಳ್ಮೆಯಿಂದ ಕೇಳಿದರು.

"ಬಿಸಿಲಲ್ಲಿ ಮೈ ಒಣಗಿಸ್ಕೊಂಡು, ಮೇಲೆ ಆ ನೋವಿನ ಮಾತ್ರೆ ನುಂಗಿದ್ರೆ ಕಿಡ್ನಿಗೆ ಕಷ್ಟ," ಎಂದರು.

"ಅದ್ರಿಂದಲೇ ಆಯ್ತು ಅಂತ ಬರ್ಕೊಡ್ತೀರಾ ಸರ್?" ಎಂದು ನಾನು ಕೇಳಿದೆ.

"ನನಗೆ ಹಾಗನ್ನಿಸ್ತದಮ್ಮ. ಆದ್ರೆ ಅದೇ ಕಾರಣ ಅಂತ ಬರೆಯೋಕಾಗಲ್ಲ. ಹೋಗೋಕೆ ಮುಂಚೆ ಹೇಗಿತ್ತು ಅನ್ನೋ ಪರೀಕ್ಷೆ ಮಾಡ್ಸಿಲ್ವಲ್ಲ."

ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ತಮ್ಮ, "ಕೂಲರ್ ಆದ್ರೆ ಪಾರ್ಟ್ ತಂದು ಆಕ್ಬೋದಿತ್ತು," ಎಂದ. ನಗಿಸಲೆಂದು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಪಾರ್ಟ್ ಹಾಕುವ ಪ್ರಯತ್ನವನ್ನೂ ಮಾಡಿದೆವು. ಅವ್ವನಿಗೆ ಸಕ್ಕರೆ ಕಾಯಿಲೆ, ಅವಳದ್ದು ಆಗುವುದಿಲ್ಲ ಎಂದರು. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ನಾನು ಕೊಡಲು ಸಿದ್ಧಳಿದ್ದೆ, ಬೆಂಗಳೂರಿನವರೆಗೂ ಹೋಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡೆ. ನನ್ನ ಎರಡರಲ್ಲಿ ಒಂದು ಹುಟ್ಟಿನಿಂದಲೇ ಸಣ್ಣದಂತೆ, ತೆಗೆದರೆ ನೀವೂ ಉಳಿಯುವುದಿಲ್ಲ ಎಂದು ಕಳಿಸಿಬಿಟ್ಟರು. ನನ್ನೊಳಗೆ ಅಂಥದ್ದೊಂದು ಇದೆ ಎಂದು ಅಂದೇ ತಿಳಿದದ್ದು. ತೀರಿಹೋದವರ ಕಿಡ್ನಿಗೆ ಹೆಸರು ಬರೆಸಿ ಬಂದೆವು. ಬರುತ್ತದೆ, ಕಾಯಿರಿ ಎಂದರು. ಆ ಫೋನು ಬರಲೇ ಇಲ್ಲ.

ಹೊಳೆನರಸೀಪುರದಲ್ಲೇ ಡಯಾಲಿಸಿಸ್ ಶುರುವಾಯಿತು. ದಿನ ಬಿಟ್ಟು ದಿನ ಹೋಗಿ, ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು. ಮೊದಮೊದಲು ಅವನು ಆ ಯಂತ್ರವನ್ನೇ ನೋಡುತ್ತಿದ್ದ. ಪಂಪಿನ ಸದ್ದು ಕೇಳಿ ಬೇರಿಂಗ್ ಸವೆದಿದೆ, ಇಷ್ಟರಲ್ಲೇ ನಿಲ್ಲುತ್ತದೆ ಎಂದು ನರ್ಸಿಗೆ ಹೇಳುತ್ತಿದ್ದ. ಆಮೇಲಾಮೇಲೆ ಗೋಡೆ ಕಡೆ ತಿರುಗಿ ಮಲಗತೊಡಗಿದ. ನೀರು ಅಳೆದು ಕುಡಿಯಬೇಕು ಎಂದಿದ್ದರು. ಬಾಯಾರಿಕೆ ತಡೆಯಲಾರದೆ ಮಂಜುಗಡ್ಡೆಯ ಚೂರು ಚೀಪುತ್ತಿದ್ದ. ಊಟದಲ್ಲಿ ಉಪ್ಪಿಲ್ಲ, ಎಳನೀರು ಕೂಡದು, ಬಾಳೆಹಣ್ಣು ಕೂಡದು. ಕೆಲಸಕ್ಕೆ ಕರೆಯುತ್ತಿದ್ದ ಡೈರಿಗಳವರು ಒಂದಷ್ಟು ದಿನ ವಿಚಾರಿಸಿದರು. ಆಮೇಲೆ ಬೇರೆಯವರನ್ನು ನೋಡಿಕೊಂಡರು. ನೋಡಿಕೊಳ್ಳದೆ ಅವರೇನು ಮಾಡಿಯಾರು, ಹಾಲು ಕಾಯುವುದಿಲ್ಲ.

ಆ ದಿನಗಳಲ್ಲೇ ನಾನು ನನ್ನ ಮೇಲಿನವರನ್ನು ಒಂದು ಮಾತು ಕೇಳಿದೆ. ಆಕೆ ದೂರದ ಊರಿನಲ್ಲಿ ಕುಳಿತು ನಮ್ಮೆಲ್ಲರ ಬರಹ ನೋಡುವಾಕೆ, ಕೆಟ್ಟವಳಲ್ಲ. ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿಯುವವರ ಕಿಡ್ನಿಗೆ ಬರುವ ಅಪಾಯದ ಬಗ್ಗೆ ಒಂದು ಪ್ಯಾರಾ ಸೇರಿಸೋಣವೇ ಎಂದೆ. ಕಾರಣವನ್ನೂ ಹೇಳಿದೆ. ಆಕೆಯ ಕಣ್ಣು ಒದ್ದೆಯಾದದ್ದು ಪರದೆಯ ಮೇಲೆ ಕಂಡಿತು. ತುಂಬ ದುಃಖವಾಯಿತು ಎಂದಳು. ಎರಡು ದಿನ ಬಿಟ್ಟು ಉತ್ತರ ಕಳಿಸಿದಳು. ನಮ್ಮ ವರದಿ ಓದುವವರು ಅಲ್ಲಿ ಕೆಲವು ದಿನ ಹೋಟೆಲಿನಲ್ಲಿ ಇದ್ದು ಬರುವವರು, ಅವರಿಗೆ ಇದು ಅನ್ವಯಿಸುವುದಿಲ್ಲ, ಬಿಸಿಲಿನಲ್ಲಿ ಸಾಕಷ್ಟು ನೀರು ಕುಡಿಯಬೇಕೆಂಬ ಸೂಚನೆ ಈಗಾಗಲೇ ಇದೆಯಲ್ಲ ಎಂದು. ಹೌದು, ಇತ್ತು. ನಾನೇ ಬರೆದದ್ದು. ತಮ್ಮನಂಥವರಿಗೆ ಬರೆದುಕೊಡುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ನನಗೆ ಯಾರೂ ಸಿಗಲಿಲ್ಲ.

ಒಂದು ಮಧ್ಯಾಹ್ನ ಅವನ ಮನೆಗೆ ಹೋಗಿದ್ದೆ. ಡಯಾಲಿಸಿಸ್ ಇಲ್ಲದ ದಿನ. ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಕಿ ಮಲಗಿದ್ದ. ಕೈಕಾಲು ಕಡ್ಡಿಯಾಗಿ, ಮುಖ ಮಾತ್ರ ಊದಿಕೊಂಡಿತ್ತು. ಬಣ್ಣ ಕಪ್ಪಿಟ್ಟಿತ್ತು.

"ಅಕ್ಕ, ಆ ದೇಶದ್ದು ಓದು," ಎಂದ.

"ಯಾತಕ್ಕೀಗ?"

"ಸುಮ್ನೆ. ಒತ್ತೋಗ್ಲಿ."

ಫೋನಿನಲ್ಲಿ ತೆಗೆದು ಒಂದೊಂದೇ ಸಾಲನ್ನು ಕನ್ನಡಕ್ಕೆ ಮಾಡಿ ಓದಿದೆ. ಬಂದರಿನ ಪಟ್ಟಣದಲ್ಲಿ ತಂಗಲು ಸುರಕ್ಷಿತ ಎಂದು ನಾನು ಸೂಚಿಸಿದ್ದ ಹೋಟೆಲಿನ ಹೆಸರು ಬಂದಾಗ ತಡೆದ.

"ಅದ್ರ ಅಡ್ಗೆಮನೆ ಫ್ರೀಜರ್ ಕೆಟ್ಟಾಗ ನನ್ನೇ ಕಳಿಸಿದ್ರು. ಒಳಗೆ ಮಾಂಸವೆಲ್ಲ ನೀಲಿ ತಿರುಗಿತ್ತು. ಅದ್ನೇ ತೊಳ್ದು ಬೇಯ್ಸುದ್ರು."

"ಅಯ್ಯೋ. ನಾನು ಊಟ ಚೆನ್ನಾಗಿದೆ ಅಂತ ಬರೆದಿದ್ದೀನಿ."

"ಚೆನ್ನಾಗೇ ಇತ್ತದೆ ಬುಡು, ಮಸಾಲೆ ಆಕ್ಬುಟ್ರೆ." ಆ ದಿನ ಅವನು ಸ್ವಲ್ಪ ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮುಂದೆ ಓದು ಎಂದ. ಅಪಹರಣ, ಗಲಭೆ, ರಸ್ತೆ, ಹಾವು ಚೇಳು, ಮರಳ ಬಿರುಗಾಳಿ. ಕೊನೆಯವರೆಗೂ ಕಣ್ಣು ಮುಚ್ಚಿಕೊಂಡು ಕೇಳಿದ.

"ಇದ್ರಲ್ಲಿ ಯಾವ್ದೂ ನಂಗಾಗ್ಲಿಲ್ಲ ಅಲ್ವಾ," ಎಂದ.

ಇಲ್ಲ ಎಂದೆ. ಅವನ ಹೆಂಡತಿ ಬಂದು ಹೊತ್ತು ನೋಡಿ, ಒಂದು ಸಣ್ಣ ಲೋಟದಲ್ಲಿ ನೀರು ಕೊಟ್ಟಳು. ಅವನು ಅದನ್ನು ಬಾಯಲ್ಲಿ ಇಟ್ಟುಕೊಂಡೇ ತುಂಬ ಹೊತ್ತು ಕುಳಿತಿದ್ದ.

ಅದಾದ ಮೇಲೆ ಅವನು ಒಂದು ಬೇಸಿಗೆ ಕಳೆದ. ಮಳೆ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಒಯ್ಯಲು ಆಟೋ ತಂದು ನಿಲ್ಲಿಸಿದ್ದರು. ಬಾಗಿಲಿನಿಂದ ಆಟೋ ತನಕ ಅವನೇ ನಡೆದು ಹೋದನಂತೆ. ಆಟೋದಲ್ಲಿ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದವನು ಏಳಲಿಲ್ಲ. ನಾನು ಹಾಸನದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ಫೋನ್ ಬಂತು.

ಅರಕಲಗೂಡಿನಿಂದ ಅಪ್ಪನ ಗೆಳೆಯರೊಬ್ಬರು ಬಂದು ಬುದ್ಧನಿಗೆ ಶರಣು ಹೋಗುವ ತ್ರಿಸರಣ ಹೇಳಿ ಮಣ್ಣು ಮಾಡಿಸಿದರು. ಚನ್ನರಾಯಪಟ್ಟಣದವರೂ ಬಂದರು. ಅವ್ವನ ಎದುರು ನೆಲದ ಮೇಲೆಯೇ ಕುಳಿತು ಅತ್ತರು. "ನಾನು ಕಳ್ಸಿದೋರೆಲ್ಲ ಚೆನ್ನಾಗವ್ರಮ್ಮ. ಇವ್ನೊಬ್ಬಂಗೆ ಇಂಗಾಯ್ತು," ಎಂದರು. ತಮ್ಮನ ಹೆಂಡತಿ, ಅಲ್ಲಿಯ ಕಂಪನಿಯವರು ಪರಿಹಾರ ಏನಾದರೂ ಕೊಡುತ್ತಾರಾ, ಕೇಳಿ ಎಂದಳು. ಕೇಳುತ್ತೇನೆ ಎಂದು ಹೋದರು. ಆಮೇಲೆ ಫೋನ್ ಮಾಡಿ, ಆ ಕಂಪನಿ ಈಗ ಬೇರೆಯವರ ಕೈಗೆ ಹೋಗಿದೆ, ಹಳಬರು ಯಾರೂ ಇಲ್ಲ ಎಂದು ತಿಳಿಸಿದರು. ಅವರು ಈಗಲೂ ಜನ ಕಳಿಸುತ್ತಾರೆ. ಜನ ಈಗಲೂ ಹೋಗುತ್ತಾರೆ. ಅವರನ್ನು ತಡೆಯಲು ನನಗೆ ಯಾವ ಬಾಯಿ? ತಮ್ಮನಿಗೇ ಎಲ್ಲವನ್ನೂ ಓದಿ ಹೇಳಿದ್ದೆ.

ತಮ್ಮನ ಹೆಂಡತಿ ಹಾಸನದ ಗಾರ್ಮೆಂಟ್ಸ್‌ಗೆ ಸೇರಿದಳು. ಮಗಳನ್ನು ಇಲ್ಲಿಯ ಶಾಲೆಗೆ ಹಾಕಿ, ಫ್ಯಾಕ್ಟರಿಯ ಹತ್ತಿರ ಒಂದು ಕೋಣೆ ಹಿಡಿದಿದ್ದಾಳೆ. ನನ್ನ ಜೊತೆಯೇ ಇರು ಎಂದೆ. ಬೇಡ ಅತ್ಗೆ ಎಂದಳು. ಅವ್ವ ನನ್ನ ಮನೆಗೆ ಬಂದಿದ್ದಾಳೆ. ಹಗಲೆಲ್ಲ ನಾನು ಕೆಲಸ ಮಾಡುವ ಕೋಣೆಯ ಬಾಗಿಲ ಬಳಿ ಕಾಲು ಚಾಚಿ ಕೂರುತ್ತಾಳೆ.

ಆ ದೇಶವನ್ನು ಬೇರೆ ಯಾರಿಗಾದರೂ ಕೊಡಿ ಎಂದು ಕೇಳಿಕೊಂಡೆ. ಕೊಟ್ಟರು. ಅದರ ಬದಲು ನನಗೆ ಬೆಟ್ಟಗುಡ್ಡದ ಇನ್ನೊಂದು ದೇಶ ಬಂತು. ಈಚೆಗೆ ಒಂದು ದಿನ ಅದರ ರಸ್ತೆಗಳನ್ನು ನೋಡುತ್ತಿದ್ದೆ. ಪರದೆಯ ಬೆಳ್ಳಗಿನ ಚಿತ್ರ ಅವ್ವನಿಗೂ ಕಂಡಿತು.

"ಅದೂ ಮರ್ಳಾ?" ಎಂದಳು.

"ಅಲ್ಲ ಕಣವ್ವ, ಮಂಜು. ಅಲ್ಲಿ ಚಳಿ ಜಾಸ್ತಿ."

"ಅಲ್ಲಿಗೂ ನಮ್ಮ ಕಡೆಯೋರು ಓಗವ್ರಾ ಕೆಲ್ಸಕ್ಕೆ?"

"ಓಗವ್ರೆ."

ಅವ್ವ ಗೋಡೆ ಹಿಡಿದು ಎದ್ದು, ಸೊಪ್ಪು ಬಿಡಿಸಲು ಒಳಗೆ ಹೋದಳು.